ಗುಟ್ಟು ಸೋರುವುದು ಕಾಗದದ ದಾರಿಯಲ್ಲಿ: ಪೊಲೀಸ್, ಅಗ್ನಿಶಾಮಕ, 108 ಸಿಬ್ಬಂದಿಯ ಮಾನಸಿಕ ಚಿಕಿತ್ಸೆಯ ಪ್ರಶ್ನೆ

ಪೊಲೀಸ್ ಸಿಬ್ಬಂದಿಯೊಬ್ಬರ ಆತ್ಮಹತ್ಯೆ ಸುದ್ದಿಯಾದಾಗಲೆಲ್ಲ ಅದರ ಬೆನ್ನಿಗೇ ಇಲಾಖೆಯ ಹೇಳಿಕೆಯೂ ಬರುತ್ತದೆ. ಸಿಬ್ಬಂದಿಗೆ ಆಪ್ತ ಸಮಾಲೋಚನೆ ಇದೆ, ಹೇಳಿಕೊಂಡದ್ದು ಗೋಪ್ಯವಾಗಿರುತ್ತದೆ, ಸಂಕೋಚ ಬೇಡ ಎನ್ನುತ್ತದೆ ಅದು. ಇದಕ್ಕೆ ತದ್ವಿರುದ್ಧವಾದ ಸುದ್ದಿಯನ್ನೂ ಓದುಗರು ನೋಡಿದ್ದಾರೆ. ಕುಡಿತದ ಚಟಕ್ಕೆ ಬಿದ್ದ ಸುಮಾರು 300 ಪೊಲೀಸರನ್ನು ಸ್ವಯಂ ನಿವೃತ್ತಿ ಯೋಜನೆಯಡಿ ಮನೆಗೆ ಕಳಿಸುವುದಾಗಿ ಅಸ್ಸಾಂ ಮುಖ್ಯಮಂತ್ರಿ 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿದ್ದರು. ಒಂದು ಕಡೆ ‘ಬಂದು ಹೇಳಿಕೊಳ್ಳಿ’ ಎಂಬ ಕರೆ, ಇನ್ನೊಂದು ಕಡೆ ಹೆಸರುಗಳ ಪಟ್ಟಿ. ಎರಡನ್ನೂ ಓದಿದ ಕಾನ್‌ಸ್ಟೆಬಲ್ ಯಾವುದನ್ನು ನಂಬಬೇಕು?

ಪ್ರಶ್ನೆ ಸಣ್ಣದಲ್ಲ. 2020ರಿಂದ 2024ರವರೆಗಿನ ಐದು ವರ್ಷಗಳಲ್ಲಿ ಕೇಂದ್ರ ಸಶಸ್ತ್ರ ಪಡೆಗಳ 730 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದಾರೆಂದು ಗೃಹ ಸಚಿವಾಲಯವೇ ಸಂಸತ್ತಿಗೆ ತಿಳಿಸಿದೆ. ಸಹಾಯವೇ ಇಲ್ಲ ಎನ್ನುವ ಕಾಲ ಈಗ ಇಲ್ಲ. ಸಹಾಯವಿದ್ದೂ ಅದರ ಬಾಗಿಲು ತಟ್ಟಲು ಸಿಬ್ಬಂದಿ ಹೆದರುತ್ತಾರೆ ಎಂಬುದು ಇಂದಿನ ತೊಡಕು. ಆ ಹೆದರಿಕೆಗೆ ಆಧಾರವಿದೆಯೇ, ಎಷ್ಟಿದೆ ಎಂದು ನೋಡಬೇಕಾದರೆ ಕಾನೂನಿನ ಪುಸ್ತಕದ ಜೊತೆಗೆ ರಜೆ ಅರ್ಜಿ ಓಡಾಡುವ ದಾರಿಯನ್ನೂ ನೋಡಬೇಕಾಗುತ್ತದೆ.

ಕೆಲಸವೇ ತಂದುಕೊಡುವ ಕಾಯಿಲೆ

2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಉರಿದು 158 ಮಂದಿ ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಗಂಗಾವಳಿ ನದಿಯಲ್ಲಿ ಶವಗಳ ಹುಡುಕಾಟ ನಿಂತು ನಿಂತು ಸೆಪ್ಟೆಂಬರ್‌ವರೆಗೂ ನಡೆಯಿತು. ಇಂಥ ದೊಡ್ಡ ದುರಂತಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ಆದರೆ 108ರ ಸ್ಟಾಫ್ ನರ್ಸ್‌ಗೆ, ಅಗ್ನಿಶಾಮಕ ಸಿಬ್ಬಂದಿಗೆ, ಹೆದ್ದಾರಿ ಗಸ್ತಿನ ಪೊಲೀಸರಿಗೆ ಭಾರವಾಗುವುದು ಬಹುಮಟ್ಟಿಗೆ ಸುದ್ದಿಯಾಗದ ಸಾವುಗಳು: ಬಾವಿಯಿಂದ ಎತ್ತಿದ ಮಗು, ಆಸ್ಪತ್ರೆ ಇನ್ನೂ ದೂರವಿರುವಾಗ ಕೈಯಲ್ಲೇ ಉಸಿರು ನಿಂತ ಬಾಣಂತಿ. ಒಂದರ ಮೇಲೊಂದು ಪದರಗಟ್ಟುತ್ತ ಹೋಗುತ್ತವೆ.

ಆಘಾತದ ನಂತರದ ಕೆಲವು ವಾರ ನಿದ್ದೆಗೇಡು, ಕೆಟ್ಟ ಕನಸು, ಬೆಚ್ಚಿಬೀಳುವುದು ಸಹಜ. ಇವು ಒಂದು ತಿಂಗಳು ದಾಟಿಯೂ ಉಳಿದು, ಆ ದೃಶ್ಯ ಮತ್ತೆ ಮತ್ತೆ ಕಣ್ಣೆದುರು ಬಂದು, ಆ ಜಾಗ, ಆ ವಾಸನೆಯಿಂದ ತಪ್ಪಿಸಿಕೊಳ್ಳುವ ಸ್ವಭಾವ ಬೆಳೆದು, ಕೆಲಸಕ್ಕೂ ಸಂಸಾರಕ್ಕೂ ತೊಡಕಾದರೆ ಅದನ್ನು ವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎಂದು ಗುರುತಿಸುತ್ತಾರೆ.

ಮದ್ಯ ಇಲ್ಲಿಗೆ ಬರುವುದು ನಿದ್ದೆಯ ಮೂಲಕ. ರಾತ್ರಿ ಪಾಳಿ, ಬಂದೋಬಸ್ತ್, ಮತ್ತೆ ಬೆಳಗಿನ ಕರೆ. ಹೀಗಿರುವಾಗ ಎರಡು ಪೆಗ್ ಬೇಗ ನಿದ್ದೆ ತರಿಸುವುದು ನಿಜ. ಆದರೆ ಮದ್ಯ ರಕ್ತದಿಂದ ಇಳಿಯುತ್ತ ಹೋದಂತೆ ರಾತ್ರಿಯ ಎರಡನೇ ಭಾಗದ ನಿದ್ದೆ ಒಡೆಯುತ್ತದೆ, ಕನಸು ಕೆಡುತ್ತದೆ. ಎದ್ದಾಗ ದಣಿವು ಮೊದಲಿಗಿಂತ ಹೆಚ್ಚು. ಮರುದಿನ ಮೂರು ಪೆಗ್ ಬೇಕಾಗುತ್ತದೆ. ಶೋಕಿಗೆ ಶುರುವಾದ ಕುಡಿತಕ್ಕೂ ಮಾತ್ರೆಯ ಹಾಗೆ ಶುರುವಾದ ಕುಡಿತಕ್ಕೂ ಚಿಕಿತ್ಸೆಯಲ್ಲಿ ಈ ವ್ಯತ್ಯಾಸವಿದೆ: ಎರಡನೆಯದರಲ್ಲಿ ಮದ್ಯವನ್ನಷ್ಟೇ ಬಿಡಿಸಿದರೆ ಕೆಳಗಿನ ಆಘಾತ ಹಾಗೇ ಉಳಿದು, ಮನುಷ್ಯ ಮತ್ತೆ ಬಾಟಲಿಗೆ ಮರಳುತ್ತಾನೆ.

ಕಾನೂನು ಕೊಟ್ಟ ಮಾತು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅಂದರೆ ಖಿನ್ನತೆಗೆ ಚಿಕಿತ್ಸೆ ಪಡೆಯುವವರಿಗೆ ಇರುವ ಹಕ್ಕುಗಳೇ ಕುಡಿತ ಬಿಡಲು ಬಂದವರಿಗೂ ಇವೆ.

ಗೋಪ್ಯತೆಯ ಹಕ್ಕು ಇರುವುದು 23ನೇ ಸೆಕ್ಷನ್‌ನಲ್ಲಿ. ಚಿಕಿತ್ಸೆ ಕೊಡುವ ಎಲ್ಲ ಆರೋಗ್ಯ ವೃತ್ತಿಪರರೂ ಮಾಹಿತಿಯನ್ನು ಗುಟ್ಟಾಗಿಡಬೇಕು. ವಿನಾಯಿತಿಗಳೂ ಅಲ್ಲೇ ಇವೆ: ರೋಗಿ ನೇಮಿಸಿದ ಪ್ರತಿನಿಧಿಗೆ, ಚಿಕಿತ್ಸೆಗೆ ಅಗತ್ಯವಿರುವ ಇತರ ವೃತ್ತಿಪರರಿಗೆ, ಬೇರೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು, ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಅಥವಾ ಶಾಸನಬದ್ಧ ಪ್ರಾಧಿಕಾರದ ಆದೇಶವಿದ್ದಾಗ, ಕೊನೆಗೆ ಸಾರ್ವಜನಿಕ ಸುರಕ್ಷತೆಯ ಹಿತಕ್ಕಾಗಿ. ಹಾನಿ ತಡೆಯಲು ಹೇಳುವಾಗಲೂ ಅದಕ್ಕೆ ಬೇಕಾದಷ್ಟನ್ನೇ ಹೇಳಬೇಕು, ಇಡೀ ಕೇಸ್ ಷೀಟ್ ಒಪ್ಪಿಸುವಂತಿಲ್ಲ. ಕಾಯ್ದೆ ಮುರಿದರೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬ ಒಂದೇ ಕಾರಣಕ್ಕೆ ಈಗಲೂ ಕಾಯಿಲೆಯಿದೆ ಎಂದು ತೀರ್ಮಾನಿಸುವಂತಿಲ್ಲ ಎಂದು 3ನೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 115ನೇ ಸೆಕ್ಷನ್. ಗಾಂಜಾದಂಥ ಮಾದಕ ವಸ್ತುವಿನ ಚಟವಿದ್ದು, ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುವವರಿಗೆ ಸೇವನೆ ಹಾಗೂ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.

ಕಾಗದದ ಮೇಲೆ ಇಷ್ಟಿದ್ದರೆ ಧಾರಾಳವಾಯಿತು. ಆದರೂ ಗುಟ್ಟು ಸೋರುತ್ತದೆ.

ಸೋರುವುದು ಎಲ್ಲಿ

23ನೇ ಸೆಕ್ಷನ್ ಕಟ್ಟಿಹಾಕುವುದು ವೈದ್ಯರ, ಮನಶ್ಶಾಸ್ತ್ರಜ್ಞರ, ನರ್ಸ್‌ಗಳ ಬಾಯನ್ನು. ಠಾಣೆಯ ರೈಟರ್, ಕಚೇರಿಯ ಗುಮಾಸ್ತರು, ಪಾಳಿ ಹಾಕುವ ಮೇಲ್ವಿಚಾರಕರು ಆರೋಗ್ಯ ವೃತ್ತಿಪರರಲ್ಲ. ಸಿಬ್ಬಂದಿಯ ಮಾಹಿತಿ ಹೆಚ್ಚಾಗಿ ಸುತ್ತುವುದು ಇವರ ಮೇಜುಗಳ ಮೇಲೇ.

ಒಬ್ಬ ಹೆಡ್ ಕಾನ್‌ಸ್ಟೆಬಲ್ ಚಿಕಿತ್ಸೆಗೆ ದಾಖಲಾದರೆ ಏನಾಗುತ್ತದೆ ನೋಡಿ. ಹತ್ತು ದಿನ ರಜೆ ಬೇಕು. ಸರ್ಕಾರಿ ನೌಕರರಿಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಅದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಆ ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರಿಗೊಂದು ಜಾಗ. ಅರ್ಜಿ ಠಾಣೆಯಿಂದ ಮೇಲಿನ ಕಚೇರಿಗೆ ಹೋಗುವಾಗ ನಾಲ್ಕಾರು ಕಣ್ಣು ಅದರ ಮೇಲೆ ಬೀಳುತ್ತವೆ. ಇದು ಮೊದಲ ತೂತು.

ಎರಡನೆಯದು ಬಿಲ್ಲು. ನಗದುರಹಿತ ಚಿಕಿತ್ಸೆಯಾದರೂ, ಖರ್ಚು ಮಾಡಿ ಆಮೇಲೆ ಕೇಳುವುದಾದರೂ ಡಿಸ್‌ಚಾರ್ಜ್ ಸಮ್ಮರಿ ಯಾವುದೋ ಕಡತಕ್ಕೆ ಸೇರುತ್ತದೆ. ಮೂರನೆಯದು ಅಪಾಯಿಂಟ್‌ಮೆಂಟ್: ‘ಸೋಮವಾರ ಇಂತಿಂಥವರನ್ನು ಸಮಾಲೋಚನೆಗೆ ಕಳುಹಿಸಿ’ ಎಂಬ ಮೆಮೊ ಠಾಣೆಗೆ ಬಂದು, ಅದರ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ ಗೋಪ್ಯತೆಯ ಕಥೆ ಅಲ್ಲಿಗೇ ಮುಗಿಯಿತು. ನಾಲ್ಕನೆಯದು ಅಂಕಿ ಅಂಶ. 40 ಮಂದಿಯ ಠಾಣೆಯಲ್ಲಿ ‘ಈ ತಿಂಗಳು ಇಬ್ಬರಿಗೆ ಸಮಾಲೋಚನೆ’ ಎಂದು ವರದಿ ಮಾಡಿದರೆ ಹೆಸರು ಬರೆಯುವ ಅಗತ್ಯವೇ ಇಲ್ಲ. ಆ ದಿನಗಳಲ್ಲಿ ರೋಲ್ ಕಾಲ್‌ಗೆ ಇಲ್ಲದವರು ಯಾರೆಂದು ಎಲ್ಲರಿಗೂ ಗೊತ್ತು.

ಸೋರಿಕೆಯ ಭಯದಿಂದ ಹುಟ್ಟುವ ಅಡ್ಡದಾರಿಯೂ ಕಾಯಿಲೆಯಷ್ಟೇ ಕೆಟ್ಟದ್ದು. ಪ್ರಮಾಣಪತ್ರದಲ್ಲಿ ‘ಗ್ಯಾಸ್ಟ್ರೈಟಿಸ್’, ‘ವೈರಲ್ ಜ್ವರ’, ‘ಬೆನ್ನುನೋವು’ ಎಂದು ಬರೆಸಿಕೊಳ್ಳುತ್ತಾರೆ. ಆಗ ನಿಜವಾದ ಚಿಕಿತ್ಸೆಯ ಸರಣಿ ಯಾವ ದಾಖಲೆಯಲ್ಲೂ ಉಳಿಯುವುದಿಲ್ಲ. ಮುಂದಿನ ಸಲ ಬೇರೆ ಆಸ್ಪತ್ರೆಗೆ ಹೋದಾಗ ಹಳೆಯ ಔಷಧ ಯಾವುದು, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದು ಅಲ್ಲಿನ ವೈದ್ಯರಿಗೆ ತಿಳಿಯದು. ಇತ್ತ ಇಲಾಖೆಯ ಲೆಕ್ಕದಲ್ಲಿ ಮಾನಸಿಕ ತೊಂದರೆ ಇರುವವರೇ ಇಲ್ಲ, ಹಾಗಾಗಿ ಆ ಬಾಬ್ತಿಗೆ ಹಣವೂ ಬೇಡ!

ಇನ್ನೊಂದು ಸಂದು ಈಚಿನದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕಾಗಿ ಒಪ್ಪಿಗೆಯಿಲ್ಲದೆಯೂ ನೌಕರರ ಮಾಹಿತಿ ಬಳಸಲು ಉದ್ಯೋಗದಾತರಿಗೆ ಅವಕಾಶ ಕೊಡುತ್ತದೆ. ಮಾನಸಿಕ ಆರೋಗ್ಯ ಕಾಯ್ದೆಯ ಗೋಪ್ಯತೆಯನ್ನು ಅದು ಅಳಿಸಿಹಾಕುವುದಿಲ್ಲ. ಆದರೆ ವೈದ್ಯರ ಕೈದಾಟಿ ಕಚೇರಿಯ ಕಂಪ್ಯೂಟರ್‌ಗೆ ಬಂದ ಮಾಹಿತಿಯ ವಿಷಯದಲ್ಲಿ ನೌಕರರ ಹಿಡಿತ ಸಡಿಲವಾಗಿಯೇ ಇದೆ.

ಸೊಂಟದಲ್ಲಿ ಪಿಸ್ತೂಲು ಇರುವವರ ಗುಟ್ಟು

ಅಧಿಕಾರಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಬ್ಯಾಂಕ್ ಗುಮಾಸ್ತರ ಖಿನ್ನತೆಯ ಗುಟ್ಟು ಬೇರೆ, ಬಂದೂಕು ಹಿಡಿದವರ, ಆಂಬುಲೆನ್ಸ್ ಓಡಿಸುವವರ ಗುಟ್ಟು ಬೇರೆ. ಕುಡಿದು ಚಾಲನೆ ಮಾಡಿದ ಪೈಲಟ್‌ನಿಂದ (108ರಲ್ಲಿ ಚಾಲಕರನ್ನು ಹಾಗೇ ಕರೆಯುವುದು) ರೋಗಿಯ ಪ್ರಾಣ ಹೋದರೆ ‘ನಮಗೆ ಗೊತ್ತಿರಲಿಲ್ಲ’ ಎಂದರೆ ನಡೆಯುತ್ತದೆಯೇ? ಕರ್ತವ್ಯದಲ್ಲಿ ಕುಡಿದಿರುವುದು ಶಿಸ್ತಿನ ತಪ್ಪು, ಅದಕ್ಕೆ ಕ್ರಮ ಇರಲೇಬೇಕು.

ಎದುರು ವಾದವೂ ಸುರಕ್ಷತೆಯ ಮೇಲೆಯೇ ನಿಂತಿದೆ. ಹೇಳಿಕೊಂಡರೆ ಕೆಲಸಕ್ಕೆ ಕುತ್ತು ಎಂದಾದರೆ ಯಾರೂ ಹೇಳುವುದಿಲ್ಲ. ಚಿಕಿತ್ಸೆಯಲ್ಲಿರುವ, ಆಯುಧ ತಾತ್ಕಾಲಿಕವಾಗಿ ಒಪ್ಪಿಸಿದ ಕಾನ್‌ಸ್ಟೆಬಲ್‌ಗಿಂತ, ಯಾರಿಗೂ ಹೇಳದೆ ಆಯುಧ ಇಟ್ಟುಕೊಂಡು ರಾತ್ರಿ ಪಾಳಿಗೆ ಬರುವವರು ಹೆಚ್ಚು ಅಪಾಯ.

ಈ ಜಗಳಕ್ಕೆ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 17ರಂದು ಒಂದು ದಾರಿ ತೋರಿದೆ. ಮಾನಸಿಕ ಕಾಯಿಲೆಯಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮೇಲಿನ ಶಿಸ್ತುಕ್ರಮವನ್ನು ಅದು ರದ್ದು ಮಾಡಿತು. ದುರ್ನಡತೆಗೆ ಕಾಯಿಲೆಯೊಂದೇ ಕಾರಣವಾಗಿರಬೇಕಿಲ್ಲ, ಹಲವು ಕಾರಣಗಳಲ್ಲಿ ಒಂದಾಗಿದ್ದರೂ ಶಿಸ್ತುಕ್ರಮ ತಾರತಮ್ಯವಾಗುತ್ತದೆ ಎಂದಿತು. ಈಗಿನ ಕೆಲಸಕ್ಕೆ ಅವರು ತಕ್ಕವರಲ್ಲವೆಂದು ಕಂಡರೆ ಸಂಬಳ, ಸೇವಾ ಷರತ್ತು ಕಡಿಮೆಯಾಗದಂತೆ ಬೇರೆ ಹುದ್ದೆ ಕೊಡಿ, ಆ ಹುದ್ದೆಯಲ್ಲಿ ಬಂದೂಕು ಇಲ್ಲದಂತೆ ನೋಡಿಕೊಳ್ಳಲು ಅಡ್ಡಿಯಿಲ್ಲ ಎಂದೂ ಹೇಳಿತು. ಆಯುಧ ಹಿಂದಕ್ಕೆ, ಅನ್ನ ಹಿಂದಕ್ಕಲ್ಲ: ತೀರ್ಪಿನ ಸಾರ ಇಷ್ಟು.

ತೀರ್ಪಿಗೆ ಆಧಾರವಾದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ಸೆಕ್ಷನ್. ಸೇವೆಯಲ್ಲಿದ್ದಾಗ ವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಇಲ್ಲಿ ಎರಡು ತೊಡಕು. ಕೇಂದ್ರ ಪಡೆಗಳ ಕಾದಾಟದ ಹುದ್ದೆಗಳನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಈ ಸೆಕ್ಷನ್‌ನ ಹೊರಗಿಟ್ಟಿತು. ರಾಜ್ಯ ಪೊಲೀಸರನ್ನು ಆ ಅಧಿಸೂಚನೆ ಹೆಸರಿಸಿಲ್ಲ. ಇನ್ನೊಂದು, ಈ ಕಾಯ್ದೆ ಮಾನಸಿಕ ಕಾಯಿಲೆಗೆ ಕೊಡುವ ವ್ಯಾಖ್ಯೆಯಲ್ಲಿ ಮದ್ಯ, ಮಾದಕ ವಸ್ತುವಿನ ಮಾತೇ ಇಲ್ಲ. ಹಾಗಾಗಿ ಚಟಕ್ಕೆ ಬಿದ್ದವರಿಗೆ 2017ರ ಕಾಯ್ದೆ ಚಿಕಿತ್ಸೆಯ ಹಕ್ಕು ಕೊಟ್ಟರೂ, ನೌಕರಿ ಉಳಿಸುವ ಕಾಯ್ದೆ ಅವರ ಬಗ್ಗೆ ಸ್ಪಷ್ಟವಾಗಿ ಮಾತಾಡುವುದಿಲ್ಲ. ಅಸ್ಸಾಂನಂಥ ಪಟ್ಟಿಗಳಿಗೆ ಜಾಗ ಸಿಗುವುದು ಈ ನಡುವಿನ ಬಿರುಕಿನಲ್ಲಿ.

ಆದೇಶ ಹೊರಡಿಸಿ ಕುಡಿತ ಬಿಡಿಸಲಾಗದು

‘ನಾಳೆಯಿಂದ ಕುಡಿತ ಬಂದ್, ಇಲ್ಲವಾದರೆ ಸಸ್ಪೆಂಡ್’ ಎನ್ನುವ ಶೈಲಿ ಕೇಳಲು ಖಡಕ್ಕಾಗಿದೆ. ವೈದ್ಯಕೀಯವಾಗಿ ಅದು ಅಪಾಯಕಾರಿ. ವರ್ಷಗಟ್ಟಲೆ ದಿನವೂ ಕುಡಿದ ದೇಹ ಥಟ್ಟನೆ ನಿಲ್ಲಿಸಿದರೆ 6ರಿಂದ 12 ಗಂಟೆಯೊಳಗೆ ಕೈನಡುಕ, ಬೆವರು, ಎದೆಬಡಿತ ಶುರು. 12ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಡೆಲಿರಿಯಂ ಟ್ರೆಮನ್ಸ್ ಎಂಬ ಸ್ಥಿತಿ ಬರುತ್ತದೆ: ಎಲ್ಲಿದ್ದೇವೆಂಬ ಅರಿವು ತಪ್ಪುತ್ತದೆ, ಇಲ್ಲದ್ದು ಕಾಣುತ್ತದೆ, ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಮೂರು ದಿನದ ಬಂದೋಬಸ್ತ್‌ಗೆ ದೂರದೂರಿಗೆ ಹೋದ ಸಿಬ್ಬಂದಿ ಅಲ್ಲಿ ‘ಹುಚ್ಚು ಹಿಡಿದಂತೆ’ ಆಡಿದರೆ, ಕುಡಿದದ್ದಕ್ಕಲ್ಲ, ಕುಡಿತ ನಿಂತದ್ದಕ್ಕೆ ಹಾಗಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು.

ಸರಿಯಾದ ಕ್ರಮದಲ್ಲಿ ನಂಜಿಳಿಸುವ ಹಂತಕ್ಕೆ ಸುಮಾರು 7ರಿಂದ 10 ದಿನ ಬೇಕು. ಕ್ಲೋರ್‌ಡಯಜೆಪಾಕ್ಸೈಡ್‌ನಂಥ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಹೋಗುತ್ತಾರೆ. ಯಕೃತ್ತು ಕೆಟ್ಟಿದ್ದರೆ ಲೋರಾಜೆಪಾಮ್. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ಗ್ಲೂಕೋಸ್ ಡ್ರಿಪ್‌ಗೂ ಮೊದಲು ಇದನ್ನು ಕೊಡುವುದು ರೂಢಿ, ಇಲ್ಲದಿದ್ದರೆ ಮಿದುಳಿಗೆ ಪೆಟ್ಟು ಬೀಳಬಹುದು. ಆಮೇಲಿನ ತಿಂಗಳುಗಳಲ್ಲಿ ಕುಡಿತಕ್ಕೆ ಮರಳದಿರಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಥವಾ ಡೈಸಲ್ಫಿರಾಮ್. ಡೈಸಲ್ಫಿರಾಮ್ ತೆಗೆದುಕೊಂಡವರು ಕುಡಿದರೆ ವಾಂತಿ, ರಕ್ತದೊತ್ತಡ ಕುಸಿತ, ಕೆಲವೊಮ್ಮೆ ಪ್ರಾಣಾಪಾಯ. ಮನೆಯವರು ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಬೆರೆಸಿಕೊಡುವ ಪದ್ಧತಿ ಇದೇ ಕಾರಣಕ್ಕೆ ಬಹಳ ಅಪಾಯದ್ದು.

ಮತ್ತೆ ಕುಡಿತಕ್ಕೆ ಜಾರುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಇಲಾಖೆಗಳ ಲೆಕ್ಕಾಚಾರ ತಪ್ಪುವುದೂ ಇಲ್ಲೇ. ಹತ್ತು ದಿನ ಶಿಬಿರಕ್ಕೆ ಕಳಿಸಿ, ವಾಪಸ್ ಬಂದವರನ್ನು ಅದೇ ರಾತ್ರಿ ಪಾಳಿಗೆ ಹಾಕಿ, ಮತ್ತೆ ಕುಡಿದಾಗ ‘ಅವಕಾಶ ಕೊಟ್ಟೆವು, ಉಳಿಸಿಕೊಳ್ಳಲಿಲ್ಲ’ ಎಂದು ಷರಾ ಬರೆಯುತ್ತಾರೆ. ಆ ಮೂರು ತಿಂಗಳು ಹಗಲು ಪಾಳಿ, ಹದಿನೈದು ದಿನಕ್ಕೊಮ್ಮೆ ವೈದ್ಯರ ಭೇಟಿಗೆ ಬಿಡುವು, ಇವೆರಡು ಇಲ್ಲದಿದ್ದರೆ ಶಿಬಿರಕ್ಕೆ ಸುರಿದ ಹಣ ನೀರುಪಾಲು.

ಆಘಾತದ ವಿಷಯದಲ್ಲೂ ಇಂಥದೇ ಒಂದು ತಪ್ಪು ಚಾಲ್ತಿಯಲ್ಲಿದೆ. ದುರಂತದ ಮರುದಿನವೇ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ‘ಏನೇನು ನೋಡಿದಿರಿ, ಹೇಳಿ’ ಎಂದು ಕೆದಕುವ ಒಂದೇ ದಿನದ ಕಾರ್ಯಕ್ರಮ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ. ಊಟ, ನಿದ್ದೆ, ಮನೆಗೊಂದು ಫೋನು, ತಿಂಗಳ ನಂತರ ಮತ್ತೆ ವಿಚಾರಿಸುವುದು, ಇವು ಹೆಚ್ಚು ಪ್ರಯೋಜನದ್ದು.

ಗುತ್ತಿಗೆಯವರ ಪಾಡು

ಪೊಲೀಸರಿಗೆ ಆರೋಗ್ಯ ಭಾಗ್ಯ ಯೋಜನೆಯಾದರೂ ಇದೆ. 2008ರ ನವೆಂಬರ್‌ನಲ್ಲಿ ಆರೋಗ್ಯ ಕವಚ ಹೆಸರಿನಲ್ಲಿ ಶುರುವಾದ 108 ಸೇವೆಯ ಸಿಬ್ಬಂದಿ ಗುತ್ತಿಗೆಯವರು. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ ಅನ್ವಯಿಸುತ್ತದೆ, ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ವೇತನ ಅನಾರೋಗ್ಯ ಭತ್ಯೆಯಾಗಿ ಸಿಗುತ್ತದೆ. ಅದಕ್ಕಿಂತ ಮೇಲಿನವರು ಖಾಸಗಿ ವಿಮೆಯನ್ನು ನಂಬಬೇಕು. ಅಲ್ಲಿ ಇನ್ನೊಂದು ಗೋಜಲು: ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆಯ 21(4)ನೇ ಸೆಕ್ಷನ್ ಹೇಳಿದ್ದರೂ, ವಿಮಾ ನಿಯಂತ್ರಕರು ಒಪ್ಪಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ 12ನೇ ಸಂಕೇತವಾಗಿ ಮದ್ಯ, ಮಾದಕ ವ್ಯಸನದ ಚಿಕಿತ್ಸೆ ಸೇರಿದೆ. ಪಾಲಿಸಿ ಪತ್ರ ತೆರೆದು ‘ಎಕ್ಸ್‌ಕ್ಲೂಷನ್ 12’ ಇದೆಯೇ ಎಂದು ನೋಡಿದರೆ ತಿಳಿಯುತ್ತದೆ. ಹಾಗಾಗಿ ಖಿನ್ನತೆಗೆ ವಿಮೆಯುಂಟು, ಖಿನ್ನತೆಯಿಂದ ಬಂದ ಕುಡಿತಕ್ಕಿಲ್ಲ.

ಗುತ್ತಿಗೆಯವರಿಗೆ ಗೋಪ್ಯತೆ ಇನ್ನೂ ದುಬಾರಿ. ಅವರನ್ನು ತೆಗೆಯಲು ಇಲಾಖಾ ವಿಚಾರಣೆಯೇ ಬೇಕಿಲ್ಲ. ಗುತ್ತಿಗೆ ನವೀಕರಣದ ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಸಾಕು.

ಅಮೆರಿಕದ ದಾರಿ ಇಲ್ಲಿಗೆ ಏಕೆ ನೇರ ಬರುವುದಿಲ್ಲ

ಅಮೆರಿಕದಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಕಾರ್ಮಿಕ ಸಂಘವೇ 2017ರಲ್ಲಿ ಮೇರಿಲ್ಯಾಂಡ್‌ನಲ್ಲಿ ತನ್ನವರಿಗಾಗಿ ವ್ಯಸನ ಮತ್ತು ಆಘಾತದ ಚಿಕಿತ್ಸಾ ಕೇಂದ್ರ ತೆರೆಯಿತು. ಅದರ ಹಿಂದಿರುವುದು ಮೇಲಧಿಕಾರಿಗಳಲ್ಲ, ಜೊತೆಯವರ ಸಂಘ. ತರಬೇತಿ ಪಡೆದ ಸಹೋದ್ಯೋಗಿಯ ಬಳಿ ಹೇಳಿಕೊಂಡದ್ದನ್ನು ಬಹಿರಂಗಪಡಿಸದಂತೆ ಅಲ್ಲಿನ ಕೇಂದ್ರ ಪೊಲೀಸ್ ಸಂಸ್ಥೆಗಳಿಗಾಗಿ 2021ರ ನವೆಂಬರ್‌ನಲ್ಲಿ ಕಾಯ್ದೆಯೂ ಬಂತು. ಸೈಕೋಥೆರಪಿಯಲ್ಲಿ ಹೇಳಿದ್ದನ್ನು ಕೇಂದ್ರ ನ್ಯಾಯಾಲಯಗಳೂ ಕೆದಕುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ ಪ್ರಕರಣ ಹುಟ್ಟಿದ್ದೂ, ಗುಂಡು ಹಾರಿಸಿದ ನಂತರ ಆಪ್ತ ಸಮಾಲೋಚನೆಗೆ ಹೋದ ಪೊಲೀಸ್ ಅಧಿಕಾರಿಣಿಯೊಬ್ಬರಿಂದ.

ನಮ್ಮಲ್ಲಿ 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ, ಅನುಮತಿಯಿಲ್ಲದೆ ಪೊಲೀಸರು ಕಾರ್ಮಿಕ ಸಂಘ ಸೇರುವುದನ್ನು ತಡೆಯುತ್ತದೆ. ಹೀಗಾಗಿ ಆರೈಕೆ ಮಾಡುವ ಕೈಯೂ ಶಿಸ್ತುಕ್ರಮದ ಕೈಯೂ ಒಂದೇ ಇಲಾಖೆಯದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ವಕೀಲ ಮತ್ತು ಕಕ್ಷಿದಾರರ, ಗಂಡ ಹೆಂಡತಿಯರ ಮಾತಿಗೆ ರಕ್ಷಣೆ ಕೊಟ್ಟಿದೆ. ವೈದ್ಯ ಮತ್ತು ರೋಗಿಯ ಮಾತಿಗೆ ಅಂಥ ಪ್ರತ್ಯೇಕ ರಕ್ಷಣೆ ಅದರಲ್ಲಿಲ್ಲ, ಸಹೋದ್ಯೋಗಿಯದಂತೂ ದೂರದ ಮಾತು. ‘ಸ್ನೇಹಿತ ಸಮಾಲೋಚಕ’ರನ್ನು ಠಾಣೆಗೊಬ್ಬರಂತೆ ನೇಮಿಸುವ ಯೋಜನೆ ಎಷ್ಟೇ ಸದುದ್ದೇಶದ್ದಾದರೂ, ನಾಳೆ ಇಲಾಖಾ ವಿಚಾರಣೆಯಲ್ಲಿ ಅವರನ್ನೇ ಸಾಕ್ಷಿಯಾಗಿ ಕರೆದರೆ ತಡೆಯಲು ಗಟ್ಟಿ ನಿಯಮವಿಲ್ಲ.

ಹಾಗಿದ್ದರೂ ಹೊಸ ಕಾಯ್ದೆಗೆ ಕಾಯದೆ ಆದೇಶದಲ್ಲೇ ಮಾಡಬಹುದಾದ್ದು ಸಾಕಷ್ಟಿದೆ. ಚಿಕಿತ್ಸೆ ಕೊಡುವ ವೈದ್ಯರೂ ಕೆಲಸಕ್ಕೆ ಅರ್ಹತೆಯ ಪ್ರಮಾಣಪತ್ರ ಕೊಡುವ ವೈದ್ಯರೂ ಬೇರೆ ಬೇರೆಯಾಗಿರಲಿ. ಅರ್ಹತಾ ಪತ್ರದಲ್ಲಿ ಮೂರೇ ಸಾಲು: ಕೆಲಸಕ್ಕೆ ತಕ್ಕವರೇ, ಯಾವ ಕೆಲಸ ಕೊಡಬಾರದು (ಆಯುಧ, ಚಾಲನೆ, ರಾತ್ರಿ ಪಾಳಿ), ಮತ್ತೆ ಪರೀಕ್ಷಿಸುವ ದಿನಾಂಕ. ಕಾಯಿಲೆಯ ಹೆಸರು ಮೊಹರು ಮಾಡಿದ ಲಕೋಟೆಯಲ್ಲಿ ಒಬ್ಬ ಗೊತ್ತುಪಡಿಸಿದ ವೈದ್ಯಾಧಿಕಾರಿಗೆ ಮಾತ್ರ ಹೋಗಲಿ. ಅಪಾಯಿಂಟ್‌ಮೆಂಟ್ ಠಾಣೆಯ ಮೂಲಕ ಬೇಡ, ಸಿಬ್ಬಂದಿಯ ಸ್ವಂತ ಫೋನಿನಿಂದ ಆಗಲಿ. ವರದಿ ಜಿಲ್ಲಾಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆ, ಹತ್ತಕ್ಕಿಂತ ಕಡಿಮೆಯ ಸಂಖ್ಯೆಯನ್ನು ತೋರಿಸದಂತೆ ಇರಲಿ. ತಾನಾಗಿ ಬಂದವರಿಗೂ ಕರ್ತವ್ಯದಲ್ಲಿ ಕುಡಿದು ಸಿಕ್ಕಿಬಿದ್ದವರಿಗೂ ಒಂದೇ ನಿಯಮ ಬೇಡ.

ಈಗ, ಇಂದೇ ಬೇಕಾದವರಿಗೆ

ಇಲಾಖೆಯ ದಾರಿ ಬೇಡವೆನ್ನುವವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆಗೆ ನಿಮ್ಹಾನ್ಸ್ ಮೇಲುಸ್ತುವಾರಿ. 14416ಕ್ಕೆ ಕರೆ ಮಾಡಿ ಕನ್ನಡ ಆಯ್ದುಕೊಂಡರೆ ಮೊದಲು ತರಬೇತಾದ ಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಸೇನೆಯವರಿಗಾಗಿ ಪುಣೆಯಲ್ಲಿ ಇದರದೇ ಪ್ರತ್ಯೇಕ ಘಟಕ 2023ರ ಡಿಸೆಂಬರ್ 1ರಂದು ಪ್ರಾಯೋಗಿಕವಾಗಿ ಆರಂಭವಾಯಿತು. ಅದೇ ಮಾದರಿಯನ್ನು ಪೊಲೀಸ್, ಅಗ್ನಿಶಾಮಕ, 108ಕ್ಕೂ ವಿಸ್ತರಿಸಿ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವ್ಯಸನಕ್ಕೆ ಪ್ರತ್ಯೇಕ ಸಹಾಯವಾಣಿ 14446.

ಚಿಕಿತ್ಸೆ ಬೇಕೇ ಎಂಬ ಅನುಮಾನವಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಮನೆಯಲ್ಲೇ ತುಂಬಬಹುದು (ಕಚೇರಿಯವರಿಗೆ ಹೆಸರು ಕೇಳಿದರೇ ಗಾಬರಿ, ಲೆಕ್ಕಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ). 40ರಲ್ಲಿ 8 ಅಂಕ ಮುಟ್ಟಿದರೆ ಕುಡಿತ ಹಾನಿಯ ದಾರಿಯಲ್ಲಿದೆ, 20 ಮುಟ್ಟಿದರೆ ಅವಲಂಬನೆಯ ಸಂಶಯವಿದೆ. ಅಂಥವರು ತಾವಾಗಿಯೇ ಥಟ್ಟನೆ ನಿಲ್ಲಿಸದೆ ವೈದ್ಯರನ್ನು ನೋಡಬೇಕು. ಬೇರೆ ಊರಿನ ಆಸ್ಪತ್ರೆಯಾದರೂ ಅಡ್ಡಿಯಿಲ್ಲ.

ವೈದ್ಯರ ಎದುರು ಕೂತಾಗ ಮೂರು ಮಾತು ಕೇಳಿಕೊಳ್ಳಿ: ನನ್ನ ಮಾಹಿತಿ ಯಾರಿಗೆ ಹೋಗುತ್ತದೆ, ಪ್ರಮಾಣಪತ್ರದಲ್ಲಿ ಏನು ಬರೆಯುತ್ತೀರಿ, ಯಾವ ಸಂದರ್ಭದಲ್ಲಿ ನನ್ನ ಒಪ್ಪಿಗೆಯಿಲ್ಲದೆ ಹೇಳುತ್ತೀರಿ. ನಿಮ್ಮ ಪ್ರತಿನಿಧಿ ಯಾರೆಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಲು 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಹೆಂಡತಿಯೋ ಗಂಡನೋ ಅಣ್ಣನೋ ಗೆಳೆಯನೋ, ಯಾರ ಹೆಸರೂ ಆಗಬಹುದು. ಠಾಣೆಯ ಸಾಹೇಬರ ಹೆಸರೇ ಆಗಬೇಕೆಂದಿಲ್ಲ.